ಸ್ಯಾನ್ ಫ್ರಾನ್ಸಿಸ್ಕೊಗೆ ಆ ಹೆಸರು ಕೊಟ್ಟವರು ಯಾರು?

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಾನು ಗೇ ಅಂತ ಹೋದ ವರ್ಷ ನನಗೆ ಹೇಳಿದ. ಅಳುವುದನ್ನೆಲ್ಲ ಅತ್ತು ಮುಗಿಸಿದ್ದೇನೆ, ಈಗ ಕೇಳುತ್ತಿರುವುದು ಅದರ ಬಗ್ಗೆ ಅಲ್ಲ. ಅವನ ಕಂಪನಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸುತ್ತದಂತೆ. "ನಮ್ಮಂಥವರಿಗೆ ಅದಕ್ಕಿಂತ ಒಳ್ಳೆ ಊರು ಇಲ್ಲಮ್ಮ" ಅನ್ನುತ್ತಾನೆ. ಒಂದು ಊರಿಗೆ ಇಂಥ ಹೆಸರು ಬರುವುದು ಹೇಗೆ? ಅಲ್ಲಿಯ ಜನ ನಮಗಿಂತ ಒಳ್ಳೆಯವರೇ, ಇಲ್ಲ ಬರೀ ಪ್ರಚಾರವೇ? ನಮ್ಮ ಬೆಂಗಳೂರಿಗೆ ಆ ಹೆಸರು ಯಾಕೆ ಬರಲಿಲ್ಲ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಮೇಡಂ, ನಗರಗಳ ಇತಿಹಾಸ ಓದಿಕೊಂಡು ಬಂದವನು ನಾನು. ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ, ಆದರೆ "ಅಲ್ಲಿಯ ಜನ ನಮಗಿಂತ ಒಳ್ಳೆಯವರೇ" ಅಂತ ಯಾರೂ ಕೇಳಿರಲಿಲ್ಲ. ಅಲ್ಲ. ಒಳ್ಳೆಯವರಾಗಿದ್ದಕ್ಕೆ ಬಂದ ಹೆಸರು ಅದಲ್ಲ. ಆ ಊರನ್ನು ಹೀಗಳೆಯಲು ಹೊರಟವರು ಅದಕ್ಕೆ ಮೊದಲು ಅಂಟಿಸಿದ್ದು ಒಂದು ಕೆಟ್ಟ ಹೆಸರು. ಆ ಕೆಟ್ಟ ಹೆಸರು ಕೇಳಿಸಿಕೊಂಡೇ ಊರೂರಿನಿಂದ ಜನ ಅಲ್ಲಿಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ನಲವತ್ತು ವರ್ಷ ಗುದ್ದಾಡಿ, ಅದೇ ಹೆಸರನ್ನು ಒಳ್ಳೆಯ ಹೆಸರು ಮಾಡಿದರು. ಪ್ರಚಾರ ಬಂದದ್ದು ಕಟ್ಟಕಡೆಗೆ.

ಮೊದಲು ಒಂದು ಕಿಟಕಿಯ ವಿಷಯ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾರ್ಕೆಟ್ ಸ್ಟ್ರೀಟ್ ಮತ್ತು ಕ್ಯಾಸ್ಟ್ರೊ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಟ್ವಿನ್ ಪೀಕ್ಸ್ ಟ್ಯಾವರ್ನ್ ಅಂತ ಒಂದು ಬಾರ್ ಇದೆ. 1972ರಲ್ಲಿ ಇಬ್ಬರು ಹೆಂಗಸರು ಅದನ್ನು ಗೇ ಬಾರ್ ಆಗಿ ನಡೆಸಲು ಶುರು ಮಾಡಿದಾಗ ರಸ್ತೆಯ ಕಡೆಗೆ ದೊಡ್ಡ ದೊಡ್ಡ ಗಾಜು ಹಾಕಿಸಿದರು. ಗಾಜು ಹಾಕಿಸುವುದರಲ್ಲಿ ಏನು ಮಹಾ ಅನ್ನಿಸಬಹುದು. ಅಲ್ಲಿಯವರೆಗೆ ಅಮೆರಿಕದ ಗೇ ಬಾರ್‌ಗಳಿಗೆ ಸಾಮಾನ್ಯವಾಗಿ ಕಿಟಕಿಯೇ ಇರುತ್ತಿರಲಿಲ್ಲ. ಇದ್ದರೂ ಕಪ್ಪು ಬಣ್ಣ ಬಳಿದಿರುತ್ತಿದ್ದರು. ಒಳಗೆ ಕೂತವರ ಮುಖ ಬೀದಿಗೆ ಕಂಡರೆ ಮರುದಿನ ಕೆಲಸ ಹೋಗಬಹುದು, ಮನೆ ಹೋಗಬಹುದು. ಇಲ್ಲಿ ಮಾತ್ರ ಬಸ್ಸಿಗೆ ಕಾಯುವವರಿಗೂ ಒಳಗೆ ಕೂತು ಹರಟುವವರು ಕಾಣುತ್ತಿದ್ದರು. 2013ರಲ್ಲಿ ನಗರ ಆ ಕಟ್ಟಡವನ್ನು ಚಾರಿತ್ರಿಕ ಸ್ಥಳ ಅಂತ ಘೋಷಿಸಿತು. ನನಗೇನೋ ಕಟ್ಟಡಕ್ಕಿಂತ ಆ ಗಾಜೇ ಚಾರಿತ್ರಿಕ ಅನ್ನಿಸುತ್ತದೆ. ಆ ಗಾಜಿನವರೆಗೆ ಬರಲು ಊರಿಗೆ ಎಷ್ಟು ಕಾಲ ಹಿಡಿಯಿತು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

"ಸ್ಯಾನ್ ಫ್ರಾನ್ಸಿಸ್ಕೊ ಹುಟ್ಟಿನಿಂದಲೇ ಉದಾರ, ಚಿನ್ನ ಹುಡುಕಿ ಬಂದ ಗಂಡಸರ ಬಂದರು ನಗರ, ಏನು ಮಾಡಿದರೂ ನಡೆಯುತ್ತಿತ್ತು" ಅನ್ನುವ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಅರ್ಧ ನಿಜ. 1849ರ ಚಿನ್ನದ ಹುಚ್ಚಿನಲ್ಲಿ ಅಲ್ಲಿ ಗಂಡಸರೇ ತುಂಬಿಕೊಂಡಿದ್ದರು, ಶಿಸ್ತು ಸಡಿಲವಿತ್ತು. ಆದರೆ ಅದೇ ಉದಾರ ನಗರ 1877ರಲ್ಲಿ ಚೀನೀಯರ ಬೀದಿಗಳ ಮೇಲೆ ದಾಳಿ ಮಾಡಿ, ಅವರ ಅಂಗಡಿಗಳಿಗೆ ಬೆಂಕಿ ಹಚ್ಚಿತು. ಮಣ್ಣಿನಲ್ಲಿ ಉದಾರತೆ ಬೆಳೆಯುವುದಿಲ್ಲ.

ನಿಜವಾದ ತಿರುವು ಎರಡನೇ ಮಹಾಯುದ್ಧ. ಪೆಸಿಫಿಕ್ ಸಾಗರದ ಯುದ್ಧಕ್ಕೆ ಹೊರಟ ಲಕ್ಷಾಂತರ ಸೈನಿಕರು ಹಡಗು ಹತ್ತಿದ್ದು, ವಾಪಸ್ ಬಂದು ಇಳಿದದ್ದು ಈ ಬಂದರಿನಲ್ಲೇ. ಸಲಿಂಗಿಗಳು ಅಂತ ಸಿಕ್ಕಿಬಿದ್ದವರನ್ನು ಸೈನ್ಯ ಹೊರಗೆ ಹಾಕುತ್ತಿತ್ತು. ಅವರ ಕೈಗೆ ಕೊಡುತ್ತಿದ್ದ ಬಿಡುಗಡೆ ಪತ್ರ ನೀಲಿ ಕಾಗದದ್ದು. ಯುದ್ಧದ ವರ್ಷಗಳಲ್ಲಿ ಹೀಗೆ ನೀಲಿ ಕಾಗದ ಹಿಡಿದವರು ಸುಮಾರು 9,000. ಉಳಿದ ಸೈನಿಕರಿಗೆ ಸಿಕ್ಕ ಓದಿನ ಖರ್ಚು, ಮನೆ ಸಾಲದ ಸೌಲಭ್ಯ ಇವರಿಗಿಲ್ಲ. ಕೆಲಸ ಕೇಳಲು ಹೋದರೆ ಆ ಕಾಗದದ ಬಣ್ಣವೇ ಎಲ್ಲ ಹೇಳಿಬಿಡುತ್ತಿತ್ತು. ಐಯೊವಾದ ಯಾವುದೋ ಹಳ್ಳಿಗೆ ಆ ಕಾಗದ ಹಿಡಿದುಕೊಂಡು ಹೋಗಿ ಅಪ್ಪನಿಗೆ ತೋರಿಸುವುದಾದರೂ ಹೇಗೆ? ಬಹಳ ಜನ ಬಂದರಿನಲ್ಲೇ ಉಳಿದುಬಿಟ್ಟರು. ಅವರನ್ನು ಬರಮಾಡಿಕೊಂಡು ಉಳಿಸಿಕೊಂಡವರು ಯಾರೂ ಇರಲಿಲ್ಲ. ಮನೆಗೆ ಹೋಗುವ ದಾರಿ ಮುಚ್ಚಿತ್ತು, ಅಷ್ಟೇ.

ಹಾಗೆ ಉಳಿದವರು ಸೇರುತ್ತಿದ್ದ ಜಾಗಗಳಲ್ಲಿ ಮಾಂಟ್‌ಗೊಮರಿ ಸ್ಟ್ರೀಟಿನ ಬ್ಲ್ಯಾಕ್ ಕ್ಯಾಟ್ ಬಾರ್ ಒಂದು. ಅಲ್ಲಿ ಸಲಿಂಗಿಗಳು ಸೇರುತ್ತಾರೆ ಅಂತ ಸರ್ಕಾರ ಅದರ ಲೈಸೆನ್ಸ್ ಅಮಾನತು ಮಾಡಿತು. ಮಾಲೀಕ ಸೋಲ್ ಸ್ಟೌಮನ್ ಸ್ವತಃ ಗೇ ಅಲ್ಲ, ಆದರೆ ಹಟಮಾರಿ. ಕೋರ್ಟಿಗೆ ಹೋದ. 1951ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಇಂಥವರು ಬಂದು ಕೂರುತ್ತಾರೆ ಅನ್ನುವುದೊಂದೇ ಕಾರಣಕ್ಕೆ ಬಾರಿನ ಲೈಸೆನ್ಸ್ ಕಿತ್ತುಕೊಳ್ಳುವಂತಿಲ್ಲ ಅಂದಿತು. ದೊಡ್ಡ ಹಕ್ಕೇನಲ್ಲ, ಒಂದು ಕಡೆ ಸೇರಿ ಕೂರುವ ಹಕ್ಕು. ಅದಾದ ನಂತರವೂ ಪೊಲೀಸರ ಕಾಟ ನಿಲ್ಲಲಿಲ್ಲ.

ಆ ಬಾರಿನಲ್ಲಿ ಹೊಸೆ ಸಾರಿಯಾ ಅನ್ನುವವರು ವೇಟರ್ ಆಗಿದ್ದರು. ಯುದ್ಧದಲ್ಲಿ ಸೈನಿಕರಾಗಿದ್ದವರು, ನಿಮ್ಮ ಹಾಗೆ ಶಿಕ್ಷಕರಾಗಬೇಕೆಂದಿದ್ದವರು. ಒಂದು ಕೇಸಿನಲ್ಲಿ ಸಿಕ್ಕಿಸಿದ ಮೇಲೆ ಆ ದಾರಿ ಮುಚ್ಚಿತು. ಹೆಣ್ಣುಡುಗೆ ಉಟ್ಟು, ಟ್ರೇ ಹಿಡಿದುಕೊಂಡೇ ಒಪೆರಾ ಅಣಕಿಸಿ ಹಾಡಿ ಊರಿಗೇ ಹೆಸರಾದರು. ಆಗಿನ ಕಾನೂನಿನ ಪ್ರಕಾರ ಗಂಡಸು "ಮೋಸ ಮಾಡುವ ಉದ್ದೇಶದಿಂದ" ಹೆಂಗಸಿನ ಉಡುಪು ತೊಟ್ಟರೆ ಅಪರಾಧ. ಅದಕ್ಕೆ ಸಾರಿಯಾ ಕಂಡುಕೊಂಡ ಮದ್ದು ನೋಡಿ: ಕರಿಬೆಕ್ಕಿನ ತಲೆಯ ಆಕಾರದ ಚೀಟಿಗಳನ್ನು ಮಾಡಿಸಿ, ಮೇಲೆ "ನಾನು ಹುಡುಗ" ಅಂತ ಬರೆಸಿ, ಹೆಣ್ಣುಡುಗೆ ಉಟ್ಟವರಿಗೆಲ್ಲ ಹಂಚಿದರು. ಪೊಲೀಸ್ ಹಿಡಿದರೆ ಎದೆಗೆ ಸಿಕ್ಕಿಸಿಕೊಂಡ ಚೀಟಿ ತೋರಿಸುವುದು. ಮೋಸ ಎಲ್ಲಿದೆ, ಬರೆದೇ ಇದೆಯಲ್ಲ! 1961ರಲ್ಲಿ ಅವರು ನಗರಸಭೆಯ ಚುನಾವಣೆಗೇ ನಿಂತರು. ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿ ಅಮೆರಿಕದಲ್ಲಿ ಚುನಾವಣೆಗೆ ನಿಂತ ಮೊದಲಿಗರು ಅವರೇ. ಸೋತರು. ಆದರೆ 5,500ಕ್ಕೂ ಹೆಚ್ಚು ಮತ ಬಿತ್ತು. ಮತ ಎಣಿಸಿದ ರಾಜಕಾರಣಿಗಳಿಗೆ ಆವತ್ತು ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಈಗ ಕೆಟ್ಟ ಹೆಸರಿನ ಕಥೆ. ಇದು ನನಗೆ ತುಂಬ ಇಷ್ಟವಾದದ್ದು. 1959ರ ಮೇಯರ್ ಚುನಾವಣೆ. ಮೇಯರ್ ಜಾರ್ಜ್ ಕ್ರಿಸ್ಟಫರ್ ಎದುರು ನಿಂತವರು ನಗರದ ಆಸ್ತಿ ತೆರಿಗೆ ಅಧಿಕಾರಿ ರಸೆಲ್ ವೋಲ್ಡನ್. ಗೆಲ್ಲಲು ಬೇರೆ ದಾರಿ ಕಾಣದೆ ವೋಲ್ಡನ್ ರೇಡಿಯೊದಲ್ಲಿ ಕೂಗಿದರು: ಈ ಮೇಯರ್ ಕಾಲದಲ್ಲಿ ನಮ್ಮ ನಗರ ದೇಶದ ಸಂಘಟಿತ ಸಲಿಂಗಿಗಳ ಕೇಂದ್ರ ಕಚೇರಿಯಾಗಿಬಿಟ್ಟಿದೆ! ಅದರಲ್ಲಿ ಒಂದಿಷ್ಟು ನಿಜ ಇತ್ತು. ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಸಲಿಂಗಿಗಳ ಸಂಘ ಮ್ಯಾಟಶೀನ್ ಸೊಸೈಟಿ ತನ್ನ ಕಚೇರಿಯನ್ನು ಇಲ್ಲಿಗೆ ಸಾಗಿಸಿತ್ತು. 1955ರಲ್ಲಿ ಲೆಸ್ಬಿಯನ್ ಹೆಂಗಸರ ಡಾಟರ್ಸ್ ಆಫ್ ಬಿಲಿಟಿಸ್ ಸಂಘ ಹುಟ್ಟಿದ್ದೂ ಇಲ್ಲೇ. ಆದರೆ ಅವು ಇವೆ ಅಂತ ಊರಿನ ಎಷ್ಟು ಜನಕ್ಕೆ ಗೊತ್ತಿತ್ತು? ವೋಲ್ಡನ್ ಪುಕ್ಕಟೆಯಾಗಿ ಎಲ್ಲರ ಮನೆಗೂ ತಿಳಿಸಿದರು. ಪತ್ರಿಕೆಗಳು ಊರಿನ ಮಾನ ತೆಗೆದೆ ಅಂತ ಅವರನ್ನೇ ಹಿಡಿದು ಝಾಡಿಸಿದವು, ಚುನಾವಣೆಯಲ್ಲೂ ಸೋತರು. (ಮುಂದೆ ಇದೇ ಮಹಾಶಯರು ತೆರಿಗೆ ಲಂಚದ ಪ್ರಕರಣದಲ್ಲಿ ತಪ್ಪಿತಸ್ಥರು ಅಂತ ಸಾಬೀತಾಯಿತು. ಅದು ಬೇರೆಯೇ ಪುರಾಣ.) ಗೆದ್ದ ಮೇಯರ್ ಮಾತ್ರ ಕೃತಜ್ಞತೆಯಿಂದ ಸುಮ್ಮನಾಗಲಿಲ್ಲ. ಆರೋಪ ತೊಳೆದುಕೊಳ್ಳಲು ಬಾರ್‌ಗಳ ಮೇಲೆ ದಾಳಿ ಹೆಚ್ಚಾಯಿತು. 1961ರಲ್ಲಿ ಟೇ-ಬುಷ್ ಇನ್ ಅನ್ನುವ ಒಂದೇ ಕಡೆ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಬಾರ್ ಮಾಲೀಕರಿಂದ ಪೊಲೀಸರು ಮಾಮೂಲಿ ವಸೂಲಿ ಮಾಡುತ್ತಿದ್ದದ್ದು ಅದಕ್ಕೆ ಒಂದು ವರ್ಷ ಮೊದಲೇ ಬಯಲಾಗಿತ್ತು.

1964ರ ಜೂನ್‌ನಲ್ಲಿ ಲೈಫ್ ಪತ್ರಿಕೆ ಅಮೆರಿಕದ ಸಲಿಂಗಿಗಳ ಬಗ್ಗೆ ಉದ್ದನೆಯ ಸಚಿತ್ರ ಲೇಖನ ಹಾಕಿತು. ಎಚ್ಚರಿಕೆಯ ಧಾಟಿ, ಸ್ವಲ್ಪ ಅಸಹ್ಯವೂ ಬೆರೆತಿತ್ತು. ಮನೆ ಮನೆಗೆ ಹೋಗುವ ಪತ್ರಿಕೆ ಅದು. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ದೇಶದ "ಗೇ ರಾಜಧಾನಿ" ಅಂತ ಕರೆದಿದ್ದರು. ಟೂಲ್ ಬಾಕ್ಸ್ ಅನ್ನುವ ಬಾರಿನ ಒಳಗಿನ ಚಿತ್ರ ಎರಡು ಪುಟ ತುಂಬ. ತಂದೆ ತಾಯಿಯರನ್ನು ಎಚ್ಚರಿಸಲು ಬರೆದದ್ದನ್ನು ಅವರ ಮಕ್ಕಳು ಬಾಗಿಲು ಹಾಕಿಕೊಂಡು ಓದಿದರು. ಕ್ಯಾನ್ಸಸ್‌ನಲ್ಲೋ ಟೆಕ್ಸಸ್‌ನಲ್ಲೋ ಲೋಕದಲ್ಲಿ ನಾನೊಬ್ಬನೇ ಹೀಗೆ ಅಂದುಕೊಂಡಿದ್ದ ಹುಡುಗನಿಗೆ ಆ ಎರಡು ಪುಟ ಊರಿನ ವಿಳಾಸವನ್ನೇ ಕೊಟ್ಟಿತು. ಬಸ್ಸು ಹತ್ತಿದರು. ಆ ಲೇಖನ ನೋಡಿಯೇ ಬಂದೆ ಅಂತ ಮುಂದೆ ಎಷ್ಟೋ ಜನ ಹೇಳಿಕೊಂಡಿದ್ದಾರೆ. ಊರಿನ ಹೆಸರು ಸಂಪಾದನೆಯಾಗುವ ಯಂತ್ರ ಇಲ್ಲಿದೆ ನೋಡಿ, ಮೇಡಂ. ಹೆಸರು ಮೊದಲು ಹಬ್ಬುತ್ತದೆ, ಅದನ್ನು ನಂಬಿ ಜನ ಬರುತ್ತಾರೆ, ಬಂದವರಿಂದ ಅದು ನಿಜವಾಗುತ್ತದೆ. ಕಾನೂನು ಇನ್ನೂ ಎಲ್ಲೋ ಹಿಂದೆ. "ರಾಜಧಾನಿ" ಅನ್ನಿಸಿಕೊಂಡ ಆ ಊರಿನಲ್ಲಿ ಇಬ್ಬರು ಗಂಡಸರ ದೇಹಸಂಬಂಧ ಇನ್ನೂ ಅಪರಾಧವಾಗಿಯೇ ಇತ್ತು; 1975ರಲ್ಲಿ ಬದಲಾದ ಕಾನೂನು ಜಾರಿಗೆ ಬಂದದ್ದು 1976ರ ಜನವರಿಯಲ್ಲಿ.

1965ರ ಹೊಸವರ್ಷದ ರಾತ್ರಿಯ ಸಂಗತಿಯನ್ನೂ ಹೇಳಬೇಕು. ಗ್ಲೈಡ್ ಮೆಮೋರಿಯಲ್ ಚರ್ಚಿನವರೂ ಸೇರಿ ಕೆಲವು ಪಾದ್ರಿಗಳು ಸಲಿಂಗಿಗಳ ಸಂಘಗಳ ಜೊತೆ ಒಂದು ಮಂಡಳಿ ಮಾಡಿಕೊಂಡಿದ್ದರು. ಅದಕ್ಕೆ ಹಣ ಕೂಡಿಸಲು ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ನೃತ್ಯಕೂಟ. ಪೊಲೀಸರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ಆದರೂ ಬಾಗಿಲಲ್ಲಿ ದೀಪ ಹಾಕಿಕೊಂಡು ನಿಂತ ಪೊಲೀಸರು ಒಳಗೆ ಹೋಗುವ ಒಬ್ಬೊಬ್ಬರ ಫೋಟೊ ತೆಗೆದರು. ತಡೆಯಲು ಹೋದ ವಕೀಲರನ್ನು ಬಂಧಿಸಿದರು. ಆ ವಕೀಲರಲ್ಲಿ ಒಬ್ಬರಾದ ಹರ್ಬ್ ಡೊನಾಲ್ಡ್‌ಸನ್ ಮುಂದೆ ಅದೇ ನಗರದಲ್ಲಿ ನ್ಯಾಯಾಧೀಶರಾದರು. ಅವತ್ತು ಪೊಲೀಸರು ಮಾಡಿದ ತಪ್ಪು ಲೆಕ್ಕ ಒಂದೇ: ಒಳಗೆ ಪಾದ್ರಿಗಳೂ ಅವರ ಹೆಂಡತಿಯರೂ ಇದ್ದರು. ಮರುದಿನ ಬಿಳಿ ಕಾಲರಿನ ಪಾದ್ರಿಗಳು ಸಾಲಾಗಿ ಕೂತು ಪತ್ರಿಕಾಗೋಷ್ಠಿ ಮಾಡಿದರು. ಇಷ್ಟು ದಿನ "ಅಂಥವರು" ಹೇಳಿದ್ದನ್ನು ಯಾರು ನಂಬುತ್ತಿದ್ದರು? ಪಾದ್ರಿಯ ಹೆಂಡತಿ ಹೇಳಿದರೆ ನಂಬದೆ ಇರಲಾಗುತ್ತದೆಯೇ? ಬೀದಿಗೆ ಬಿದ್ದದ್ದು ಪೊಲೀಸರ ಮರ್ಯಾದೆ.

ಪಾದ್ರಿಗಳ ಹೆಂಡತಿಯರಿಲ್ಲದ ಕಡೆ ಏನಾಗುತ್ತಿತ್ತು ಅನ್ನುವುದಕ್ಕೆ ಇನ್ನೊಂದು ಘಟನೆ. 1966ರ ಆಗಸ್ಟ್. ಟೆಂಡರ್‌ಲಾಯಿನ್ ಅನ್ನುವ ಬಡ ಬಡಾವಣೆಯಲ್ಲಿ ರಾತ್ರಿಯಿಡೀ ತೆರೆದಿರುತ್ತಿದ್ದ ಕಾಂಪ್ಟನ್ಸ್ ಕೆಫೆಟೀರಿಯಾ. ಬೇರೆಲ್ಲೂ ಜಾಗವಿಲ್ಲದ ಟ್ರಾನ್ಸ್ ಹೆಂಗಸರು (ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬಾಳುವವರು), ಬೀದಿಯ ಹುಡುಗರು ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಬೆಳಗು ಮಾಡುತ್ತಿದ್ದ ಹೋಟೆಲು. ಒಬ್ಬ ಪೊಲೀಸ್ ಟ್ರಾನ್ಸ್ ಹೆಂಗಸೊಬ್ಬಳ ತೋಳು ಹಿಡಿದ. ಆಕೆ ಕಾಫಿಯನ್ನು ಅವನ ಮುಖಕ್ಕೆ ಎರಚಿದಳು. ಆಮೇಲೆ ತಟ್ಟೆ, ಸಕ್ಕರೆ ಡಬ್ಬಿ, ಕುರ್ಚಿ ಹಾರಿದವು, ಗಾಜು ಒಡೆಯಿತು. ಬಾರ್ ಮೇಲಿನ ಪೊಲೀಸ್ ದಾಳಿಯ ವಿರುದ್ಧ ಸಲಿಂಗಿಗಳು ತಿರುಗಿಬಿದ್ದ, ಲೋಕಕ್ಕೆಲ್ಲ ಗೊತ್ತಾದ ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಭೆಗೆ ಮೂರು ವರ್ಷ ಮೊದಲಿನ ಮಾತು ಇದು. ಆದರೆ ಮರುದಿನ ಯಾವ ಪತ್ರಿಕೆಯೂ ಬರೆಯಲಿಲ್ಲ. ತಾರೀಖು ಯಾವುದು ಅನ್ನುವುದೂ ಉಳಿಯಲಿಲ್ಲ. ಇತಿಹಾಸಕಾರ್ತಿ ಸೂಸನ್ ಸ್ಟ್ರೈಕರ್ ಹಳೆಯ ಕಡತದಲ್ಲಿ ಅದರ ಸುಳಿವು ಹಿಡಿದು ಹೊರಗೆ ತಂದದ್ದು 1990ರ ದಶಕದಲ್ಲಿ. ಈಗ ಆ ಬೀದಿಗಳು ನಗರವೇ ಗುರುತಿಸಿದ ಟ್ರಾನ್ಸ್‌ಜೆಂಡರ್ ಸಾಂಸ್ಕೃತಿಕ ವಲಯ. ಮುಂದೆ ಊರು ಯಾರ ಹೆಸರಿನಲ್ಲಿ ಬೀಗಿತೋ ಅವರಿಗೆ ಆ ಕಾಲದಲ್ಲಿ ಕೂತು ಕಾಫಿ ಕುಡಿಯಲೂ ಬಿಡುತ್ತಿರಲಿಲ್ಲ.

ಕ್ಯಾಸ್ಟ್ರೊ ಬಡಾವಣೆ ಗೇ ಬಡಾವಣೆಯಾದದ್ದಕ್ಕೆ ಕಾರಣ ಮನೆ ಬೆಲೆ. ಅದು ಐರಿಷ್ ಕ್ಯಾಥೊಲಿಕ್ ಕೂಲಿಕಾರರ ಬಡಾವಣೆಯಾಗಿತ್ತು. ಬಂದರಿನ ಕೆಲಸ ಕೊಲ್ಲಿಯ ಆಚೆ ಓಕ್ಲಂಡಿಗೆ ಹೋಯಿತು, ಕಾರ್ಖಾನೆಗಳು ಮುಚ್ಚಿದವು, ಮಕ್ಕಳೊಂದಿಗರು ಹೊರವಲಯದ ಹೊಸ ಬಡಾವಣೆಗಳಿಗೆ ಹೊರಟರು. ಮರದ ಹಳೆಯ ವಿಕ್ಟೋರಿಯನ್ ಮನೆಗಳು ಕಡಿಮೆ ಬೆಲೆಗೆ ಬಿದ್ದಿದ್ದವು. 1960ರ ದಶಕದ ಕೊನೆಯಿಂದ ಗೇ ಗಂಡಸರು ಕೊಂಡರು, ಬಣ್ಣ ಬಳಿದರು, ಕೆಳಗೆ ಅಂಗಡಿ ಇಟ್ಟರು. ಒಂದೇ ಕಡೆ ಮನೆ ಅಂದರೆ ಒಂದೇ ಕಡೆ ಮತ.

ಇಲ್ಲಿಗೆ 1972ರಲ್ಲಿ ನ್ಯೂಯಾರ್ಕಿನಿಂದ ಬಂದು, ಮರುವರ್ಷ ಕ್ಯಾಮೆರಾ ಅಂಗಡಿ ತೆರೆದವರು ಹಾರ್ವಿ ಮಿಲ್ಕ್. ಅವರನ್ನು ಈಗ ಸಂತರನ್ನಾಗಿ ಮಾಡಿಬಿಟ್ಟಿದ್ದಾರೆ. ನನಗೆ ಮೆಚ್ಚುಗೆಯಾಗುವುದು ಅವರ ವ್ಯಾಪಾರಿ ಬುದ್ಧಿ. ಬಿಯರ್ ಲಾರಿ ಡ್ರೈವರ್‌ಗಳ ಕಾರ್ಮಿಕ ಸಂಘ ಕೂರ್ಸ್ ಕಂಪನಿಯ ವಿರುದ್ಧ ಹೋರಾಡುತ್ತಿತ್ತು. ಮಿಲ್ಕ್ ಗೇ ಬಾರ್‌ಗಳಲ್ಲಿ ಕೂರ್ಸ್ ಮಾರಾಟ ನಿಲ್ಲಿಸಲು ಓಡಾಡಿದರು. ಬದಲಿಗೆ ಕೇಳಿದ್ದು ನಮ್ಮ ಹುಡುಗರಿಗೂ ಡ್ರೈವರ್ ಕೆಲಸ ಕೊಡಿ ಅಂತ. ಒರಟು ಲಾರಿಯವರೂ ಗೇಗಳೂ ಒಂದೇ ಪಾಳಯ! ಮೂರು ಚುನಾವಣೆ ಸೋತರು. 1976ರಲ್ಲಿ ನಗರದ ಮತದಾರರು ವಾರ್ಡುವಾರು ಚುನಾವಣೆಯನ್ನು ಒಪ್ಪಿದರು. ಅದಕ್ಕೆ ಮೊದಲು ಇಡೀ ಊರೇ ಎಲ್ಲ ಸದಸ್ಯರಿಗೂ ಮತ ಹಾಕಬೇಕಿತ್ತು, ಕ್ಯಾಸ್ಟ್ರೊದ ಮತ ಸಮುದ್ರದಲ್ಲಿ ಉಪ್ಪು ಕರಗಿದ ಹಾಗೆ ಕರಗಿಹೋಗುತ್ತಿತ್ತು. 1977ರ ನವೆಂಬರಿನಲ್ಲಿ ಮಿಲ್ಕ್ ಗೆದ್ದರು. ಊರುಗಳ ಹೆಸರಿನ ಬಗ್ಗೆ ಬರೆಯುವವರು ಪರೇಡು, ಬಾವುಟ ಅಂತ ಬರೆಯುತ್ತಾರೆ, ವಾರ್ಡ್ ಪದ್ಧತಿಯ ಬಗ್ಗೆ ಬರೆಯುವುದಿಲ್ಲ. ನನ್ನ ಕೇಳಿದರೆ ಬಾವುಟಕ್ಕಿಂತ ವಾರ್ಡು ದೊಡ್ಡದು.

ಮರುವರ್ಷ ನಡೆದದ್ದನ್ನು ನಿಮ್ಮ ಮಗ ಹೇಳಿರಬಹುದು. 1978ರಲ್ಲಿ ನಗರಸಭೆಯು, ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಸಲಿಂಗಿಗಳಿಗೆ ಭೇದ ಮಾಡುವಂತಿಲ್ಲ ಅಂತ ಕಾನೂನು ಮಾಡಿತು. ವಿರುದ್ಧ ಬಿದ್ದ ಮತ ಒಂದೇ, ಸದಸ್ಯ ಡ್ಯಾನ್ ವೈಟ್ ಅವರದು. ಅದೇ ಜೂನ್‌ನಲ್ಲಿ ಗಿಲ್ಬರ್ಟ್ ಬೇಕರ್ ಮತ್ತು ಗೆಳೆಯರು ಕೈಯಾರೆ ಬಣ್ಣ ಅದ್ದಿ ಹೊಲಿದ ಎಂಟು ಬಣ್ಣದ ಕಾಮನಬಿಲ್ಲಿನ ಬಾವುಟ ಮೊದಲ ಬಾರಿಗೆ ಹಾರಿತು. ನವೆಂಬರಿನಲ್ಲಿ, ಸಲಿಂಗಿಗಳು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬಾರದು ಅನ್ನುವ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾದ ಮತದಾರರು ತಿರಸ್ಕರಿಸಿದರು. ಇಪ್ಪತ್ತು ದಿನ ಕಳೆದು, ನವೆಂಬರ್ 27ರಂದು, ಅದೇ ಡ್ಯಾನ್ ವೈಟ್ ಸಿಟಿ ಹಾಲಿಗೆ ಹೋಗಿ ಮೇಯರ್ ಜಾರ್ಜ್ ಮೊಸ್ಕೊನಿ ಮತ್ತು ಮಿಲ್ಕ್ ಇಬ್ಬರನ್ನೂ ಗುಂಡಿಟ್ಟು ಕೊಂದರು. ಆವತ್ತು ರಾತ್ರಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಕ್ಯಾಸ್ಟ್ರೊದಿಂದ ಸಿಟಿ ಹಾಲಿನವರೆಗೆ ಮೌನವಾಗಿ ನಡೆದರು. ಮುಂದಿನ ಮೇನಲ್ಲಿ ವೈಟ್‌ಗೆ ಏಳು ವರ್ಷ ಎಂಟು ತಿಂಗಳ ಶಿಕ್ಷೆ ಅಂತ ತೀರ್ಪು ಬಂದಾಗ ಅದೇ ಜನ ಅದೇ ಕಟ್ಟಡದ ಗಾಜು ಒಡೆದು, ಪೊಲೀಸ್ ಕಾರುಗಳಿಗೆ ಬೆಂಕಿ ಇಟ್ಟರು. ಈ ಊರಿಗೆ "ಸ್ನೇಹಪರ" ಅನ್ನುವ ಪ್ರಶಸ್ತಿ ಯಾರೋ ಶಾಲು ಹೊದಿಸಿ ಕೊಟ್ಟದ್ದಲ್ಲ ಅಂತ ಮೊದಲೇ ಅಂದೆನಲ್ಲ.

ಆಮೇಲೆ ಏಡ್ಸ್ ಬಂತು. ಆ ನಗರ ಒಂದರಲ್ಲೇ ಸುಮಾರು 20,000 ಜನ ಅದರಿಂದ ಸತ್ತರು. ನನ್ನ ದೃಷ್ಟಿಯಲ್ಲಿ ಊರು ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡದ್ದು ಈಗ. 1983ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯಲ್ಲಿ 5ಬಿ ಅನ್ನುವ 12 ಹಾಸಿಗೆಯ ವಾರ್ಡ್ ತೆರೆಯಿತು. ಅಮೆರಿಕದಲ್ಲಿ ಏಡ್ಸ್ ರೋಗಿಗಳಿಗಾಗಿಯೇ ಇದ್ದ ಮೊದಲ ವಾರ್ಡ್ ಅದು. ಬೇರೆ ಕಡೆ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದ ಕಾಲದಲ್ಲಿ, ಸ್ವಂತ ಇಷ್ಟದಿಂದ ಅಲ್ಲಿ ಕೆಲಸಕ್ಕೆ ಬಂದ ನರ್ಸ್‌ಗಳು ಹಾಸಿಗೆಯ ಮೇಲೇ ಕೂತು ರೋಗಿಯ ಕೈ ಹಿಡಿದುಕೊಳ್ಳುತ್ತಿದ್ದರು. ಇನ್ನೊಂದು ನಿಯಮವೂ ಅಲ್ಲಿತ್ತು: ನನ್ನ ಕುಟುಂಬ ಯಾರು ಅಂತ ಹೇಳುವವನು ರೋಗಿಯೇ. ಹತ್ತು ವರ್ಷ ಜೊತೆ ಬಾಳಿದವನನ್ನು "ನೀನು ರಕ್ತಸಂಬಂಧಿ ಅಲ್ಲ" ಅಂತ ಹೊರಗೆ ನಿಲ್ಲಿಸುವ ಹಾಗಿರಲಿಲ್ಲ. ಕ್ಯಾಸ್ಟ್ರೊದ ಹಳೆಯ ಕ್ಯಾಥೊಲಿಕ್ ಚರ್ಚ್ ಮೋಸ್ಟ್ ಹೋಲಿ ರಿಡೀಮರ್‌ನ ಕಥೆಯೂ ಇದೆ. ಬಡಾವಣೆಗೆ ಗೇಗಳು ಬಂದರೆಂದು ಗೊಣಗಿದ್ದ ಐರಿಷ್ ಅಜ್ಜಿಯರು ಅಲ್ಲಿ ಉಳಿದಿದ್ದರು. ಆ ಚರ್ಚಿನ ಖಾಲಿ ಬಿದ್ದ ಕಾನ್ವೆಂಟು 1987ರಲ್ಲಿ ಸಾಯುತ್ತಿರುವ ಏಡ್ಸ್ ರೋಗಿಗಳ ಆರೈಕೆ ಮನೆಯಾಯಿತು. ಗೊಣಗಿದವರೂ ಗೊಣಗಿಸಿಕೊಂಡವರೂ ಒಂದೇ ಬೆಂಚಿನಲ್ಲಿ ಕೂತರು.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ, ಅದು ಎಲ್ಲರಿಗೂ ಗೊತ್ತಿರುವ ಭಾಗ. 1996ರಲ್ಲಿ ನಗರ ಒಂದು ನಿಯಮ ಮಾಡಿತು: ನಮ್ಮ ಗುತ್ತಿಗೆ ಬೇಕೆಂದರೆ, ಮದುವೆಯಾದವರ ಸಂಗಾತಿಗೆ ಕೊಡುವ ಸೌಲಭ್ಯವನ್ನು ಸಲಿಂಗಿ ನೌಕರರ ಸಂಗಾತಿಗೂ ಕೊಡಿ. ದೊಡ್ಡ ದೊಡ್ಡ ಕಂಪನಿಗಳ ನೀತಿ ಬದಲಾದದ್ದರಲ್ಲಿ ಈ ಒಣ ನಿಯಮದ ಪಾತ್ರ ದೊಡ್ಡದು. 2004ರ ಫೆಬ್ರುವರಿ 12ರಂದು ಮೇಯರ್ ಗ್ಯಾವಿನ್ ನ್ಯೂಸಮ್ ಕಾನೂನನ್ನು ಮೀರಿ ಸಲಿಂಗಿ ಜೋಡಿಗಳಿಗೆ ಮದುವೆ ಲೈಸೆನ್ಸ್ ಕೊಡಿಸಿದರು. ಮೊದಲ ಜೋಡಿ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್, ಅದೇ 1955ರ ಸಂಘ ಕಟ್ಟಿದ ಇಬ್ಬರು, ಅಷ್ಟು ಹೊತ್ತಿಗೆ ಐವತ್ತು ವರ್ಷ ಜೊತೆಗಿದ್ದವರು. ಒಂದು ತಿಂಗಳಲ್ಲಿ ಸುಮಾರು 4,000 ಮದುವೆ. ಜನ ಮಳೆಯಲ್ಲಿ ರಾತ್ರಿಯೆಲ್ಲ ಸಿಟಿ ಹಾಲಿನ ಸುತ್ತ ಸಾಲು ನಿಂತರು; ಎಲ್ಲೋ ಮಿನ್ನೆಸೋಟದಲ್ಲಿ ಕೂತವರು ಇಲ್ಲಿಯ ಹೂವಿನ ಅಂಗಡಿಗೆ ಫೋನ್ ಮಾಡಿ, ಸಾಲಿನಲ್ಲಿರುವ ಯಾರಿಗಾದರೂ ಸರಿ, ಒಂದು ಗುಚ್ಛ ಕೊಡಿ ಅಂದರು. ಆಗಸ್ಟಿನಲ್ಲಿ ಕೋರ್ಟ್ ಆ ಮದುವೆಗಳನ್ನೆಲ್ಲ ರದ್ದು ಮಾಡಿತು. 2008ರ ಜೂನ್‌ನಲ್ಲಿ ಕಾನೂನು ಒಪ್ಪಿದ ಮೇಲೆ ಅದೇ ಇಬ್ಬರು ಹೆಂಗಸರು ಮತ್ತೆ ಮದುವೆಯಾದರು. ಎರಡು ತಿಂಗಳಿಗೆ ಡೆಲ್ ಮಾರ್ಟಿನ್ ತೀರಿಕೊಂಡರು.

ಈಗ "ಬರೀ ಪ್ರಚಾರವೇ" ಅನ್ನುವ ನಿಮ್ಮ ಅನುಮಾನ. ಪ್ರಚಾರ ಇದ್ದೇ ಇದೆ. 2000ದ ನಂತರ ರಿಚರ್ಡ್ ಫ್ಲೋರಿಡಾ ಅವರಂಥ ಪಂಡಿತರು ಸಲಿಂಗಿಗಳು ಹೆಚ್ಚಿರುವ ಊರುಗಳಲ್ಲಿ ತಂತ್ರಜ್ಞಾನ ಉದ್ಯಮವೂ ಚೆನ್ನಾಗಿದೆ ಅಂತ ಲೆಕ್ಕ ತೋರಿಸಿದ್ದೇ ತಡ, ಒಂದು ಕಾಲದಲ್ಲಿ ಬಾರ್ ಮೇಲೆ ದಾಳಿ ಮಾಡಿಸುತ್ತಿದ್ದ ಊರುಗಳೆಲ್ಲ ಪ್ರವಾಸೋದ್ಯಮದ ಕರಪತ್ರದಲ್ಲಿ ಕಾಮನಬಿಲ್ಲು ಅಚ್ಚು ಹಾಕಿಸಿದವು. ಸ್ಯಾನ್ ಫ್ರಾನ್ಸಿಸ್ಕೊ ಕೂಡ ಜೂನ್ ತಿಂಗಳಲ್ಲಿ ಅದನ್ನು ಚೆನ್ನಾಗಿಯೇ ಮಾರುತ್ತದೆ. ಜೊತೆಗೆ ಈ ಅಂಕಿ ನೋಡಿ: 2012ರಿಂದ 2014ರವರೆಗೆ ಗ್ಯಾಲಪ್ ಅನ್ನುವ ಸಮೀಕ್ಷಾ ಸಂಸ್ಥೆ ಅಮೆರಿಕದ 50 ದೊಡ್ಡ ನಗರ ಪ್ರದೇಶಗಳಲ್ಲಿ ಕೇಳಿದಾಗ, ತಾವು ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ದ್ವಿಲಿಂಗಿ, ಟ್ರಾನ್ಸ್) ಅಂದವರು ಎಲ್ಲಕ್ಕಿಂತ ಹೆಚ್ಚಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ, ಆದರೆ ಎಷ್ಟು? ನೂರಕ್ಕೆ 6.2. ಎಲ್ಲಕ್ಕಿಂತ ಕಡಿಮೆ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 2.6. ರಾಜಧಾನಿಯಲ್ಲೂ ನೂರಕ್ಕೆ ಸುಮಾರು ತೊಂಬತ್ತನಾಲ್ಕು ಜನ ಬೇರೆಯವರೇ. ತಲೆ ಎಣಿಸಿದರೆ ಆ ಹೆಸರಿಗೆ ಅರ್ಥ ಸಿಗುವುದಿಲ್ಲ. ಗಾಜಿನ ಹಿಂದೆ ಎಷ್ಟು ಜನ ಧೈರ್ಯವಾಗಿ ಕೂತಿದ್ದಾರೆ ಅಂತ ನೋಡಬೇಕು.

ಹೆಸರು ಬಂದ ಮೇಲೆ ಬಾಡಿಗೆಯೂ ಏರುತ್ತದೆ. ನೀಲಿ ಕಾಗದ ಹಿಡಿದು ಬಂದ ಹುಡುಗನಿಗೆ ಇವತ್ತು ಕ್ಯಾಸ್ಟ್ರೊದಲ್ಲಿ ಒಂದು ಕೋಣೆ ಸಿಗಲಾರದು. ನಗರದ್ದೇ ಎಣಿಕೆಯಲ್ಲಿ, ಮನೆಯಿಲ್ಲದೆ ಬೀದಿಯಲ್ಲಿರುವವರ ಪೈಕಿ ಕಾಲು ಭಾಗಕ್ಕೂ ಹೆಚ್ಚು ಜನ ಎಲ್‌ಜಿಬಿಟಿಗಳು. ಮನೆಯಿಂದ ಹೊರಬಿದ್ದು ಹೆಸರು ನಂಬಿ ಬಂದವರು ಅವರಲ್ಲಿದ್ದಾರೆ. ಹೆಂಗಸರ ಬಾರ್‌ಗಳು ಒಂದೊಂದಾಗಿ ಮುಚ್ಚಿದವು, ಗಂಡಸರವು ಉಳಿದವು. ಸಂಬಳದ ವ್ಯತ್ಯಾಸ ಇಲ್ಲೂ ಕೆಲಸ ಮಾಡುತ್ತದೆ. ಕ್ಯಾಸ್ಟ್ರೊ ಬೆಳೆಯುತ್ತಿದ್ದ ವರ್ಷಗಳಲ್ಲಿ ಕಪ್ಪು ಗಂಡಸರು ಬಾರಿನ ಬಾಗಿಲಿಗೆ ಬಂದರೆ ಎರಡು ಮೂರು ಗುರುತಿನ ಚೀಟಿ ಕೇಳುವುದು ಮಾಮೂಲಾಗಿತ್ತು. ನಿಮ್ಮ ಮಗನ ಮೈಬಣ್ಣದವರಿಗೂ ಅಲ್ಲಿ ತಮ್ಮದೇ ಒಂದು ಜಾಗ ಬೇಕಾಯಿತು. 1986ರಲ್ಲಿ ಆ ಪ್ರದೇಶದಲ್ಲಿದ್ದ ಭಾರತೀಯರು ಸೇರಿ ತ್ರಿಕೋನ್ ಅನ್ನುವ ಸಂಘ ಕಟ್ಟಿದರು, ಪತ್ರಿಕೆ ತಂದರು. ನಾಜಿಗಳು ಸಲಿಂಗಿ ಕೈದಿಗಳ ಅಂಗಿಗೆ ಹಚ್ಚುತ್ತಿದ್ದ ಗುಲಾಬಿ ತ್ರಿಕೋನವನ್ನು ನಮ್ಮ ಭಾಷೆಯ ಹೆಸರಾಗಿ ಮಾಡಿಕೊಂಡವರು. ಆ ಊರಿಗೆ ಹೋದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ ಮಗ ಅಂದುಕೊಂಡಿದ್ದರೆ, ಅದು ಅಲ್ಲಿಯವರಿಗೂ ಗೊತ್ತಿಲ್ಲದ ಸುದ್ದಿ.

ಬೆಂಗಳೂರಿನ ಮಾತು. ಯಾಕೆ ಬರಲಿಲ್ಲ ಅಂದಿರಿ. ಬರುತ್ತಿದೆ, ನಾವು ನೋಡುವ ಕಡೆ ನೋಡುತ್ತಿಲ್ಲ. ಗುಡ್ ಆ್ಯಸ್ ಯು ಅನ್ನುವ ಗುಂಪು 1994ರಿಂದ ಅಲ್ಲಿ ಸೇರುತ್ತಿದೆ. ಸಂಗಮ ಸಂಸ್ಥೆ 1999ರಲ್ಲಿ ಶುರುವಾಗಿ, ಇಂಗ್ಲಿಷ್ ಬಾರದ, ಬೀದಿಯಲ್ಲಿ ಏಟು ತಿನ್ನುತ್ತಿದ್ದ ಕೋಥಿಗಳು (ಹೆಣ್ಣಿನ ಹಾವಭಾವದ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು), ಹಿಜ್ರಾಗಳ ಜೊತೆ ಕೆಲಸ ಮಾಡಿತು. 2008ರ ಜೂನ್ 29ರಂದು, ದಿಲ್ಲಿ, ಕೋಲ್ಕತ್ತಗಳಲ್ಲೂ ನಡಿಗೆಯಾದ ದಿನವೇ, ಬೆಂಗಳೂರಿನ ಮೊದಲ ಪ್ರೈಡ್ ನಡಿಗೆಯಾಯಿತು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನೂ ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಾಗ ಬಿದ್ದದ್ದು 2018ರ ಸೆಪ್ಟೆಂಬರ್ 6ಕ್ಕೆ. ಇಲ್ಲೂ ಹೆಜ್ಜೆ ಮೊದಲು, ಕಾನೂನು ಹತ್ತು ವರ್ಷ ತಡ. 2011ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿ ಹಿಜ್ರಾಗಳ ಹೆಸರನ್ನು ಪೊಲೀಸರು ಪಟ್ಟಿ ಮಾಡಿಟ್ಟುಕೊಳ್ಳಬಹುದು ಅಂದಿದ್ದ ಕರ್ನಾಟಕವೇ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ. ನಡುವೆ ಆದದ್ದೇನು? ಕೋರ್ಟು, ಅರ್ಜಿ, ಬೀದಿ. ಮದುವೆಗೆ ಮಾತ್ರ ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ, ಅಲ್ಲಿಗೂ ಇಲ್ಲಿಗೂ ಇರುವ ದೊಡ್ಡ ಅಂತರ ಸದ್ಯಕ್ಕೆ ಅದೇ. ಇನ್ನೊಂದು ಅಂತರವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಟೆಕ್ ಪಾರ್ಕಿನ ಒಳಗೆ ಕಾಮನಬಿಲ್ಲಿನ ಬಾವುಟ ಹಾರಿಸುವುದು ಸುಲಭ. ಗೇಟು ದಾಟಿ ಬಂದು ಇಬ್ಬರು ಹುಡುಗರು ಒಂದು ಮಲಗುವ ಕೋಣೆಯ ಬಾಡಿಗೆ ಮನೆ ಕೇಳಲಿ, ಆಮೇಲೆ ಮಾತಾಡೋಣ. ಸವದತ್ತಿ ಗುಡ್ಡದ ಜೋಗಪ್ಪನಿಗೆ ಕೈ ಮುಗಿಯುವ, ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ಹೆಮ್ಮೆಪಟ್ಟ ನಾಡು ನಮ್ಮದು. ಗುಡಿಯ ಎದುರು ಕೈ ಮುಗಿದವರೇ ಮನೆ ಎದುರು ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ.

ಪತ್ರದ ಕೊನೆಗೆ ನೀವು ಸಣ್ಣದಾಗಿ, ಮುಂದಿನ ವರ್ಷ ಮಗನನ್ನು ನೋಡಲು ಹೋಗಬೇಕೋ ಬೇಡವೋ ಅಂತಲೂ ಬರೆದಿದ್ದೀರಿ. ಹೋಗಿ. ಹೋದರೆ ಒಂದು ಸಂಜೆ ಆ ಟ್ವಿನ್ ಪೀಕ್ಸ್ ಮೂಲೆಗೆ ಕರೆದುಕೊಂಡು ಹೋಗು ಅನ್ನಿ. ನೀವು ಬಾರಿಗೆ ಕಾಲಿಟ್ಟವರಲ್ಲ ಅಂತ ನನಗೆ ಗೊತ್ತು; ಆದರೆ ಅಲ್ಲಿ ಹೆಚ್ಚಾಗಿ ಕೂತಿರುವವರು ನಿಮ್ಮ ವಯಸ್ಸಿನ ಗಂಡಸರು. ಆ ಏಡ್ಸ್ ವಾರ್ಡುಗಳಿಂದ ಗೆಳೆಯರನ್ನು ಕಳಿಸಿಕೊಟ್ಟು ಉಳಿದವರೂ ಅವರಲ್ಲಿ ಇರುತ್ತಾರೆ. ಕಿಟಕಿಯ ಪಕ್ಕದ ಮೇಜು ಸಿಕ್ಕರೆ ಕೂತುಕೊಳ್ಳಿ. ಕಾಫಿ ಕೇಳುವಾಗ ಮಾತ್ರ ಎಚ್ಚರ, ಐರಿಷ್ ಕಾಫಿಗೆ ಹೆಸರಾದ ಊರು ಅದು, ಹಾಲಿನ ಜೊತೆ ವಿಸ್ಕಿ ಬೇಡ ಅಂತ ಮೊದಲೇ ಹೇಳಿ.